ಸೊಂಟದ ಮೇಲಿನ ಕುಸ್ತಿ

ಅರ್ಜುನ್ ಹಲಕುರ್ಕಿ ಏಷ್ಯಾ ಮಟ್ಟದಲ್ಲಿ ಎರಡು ಸಲ ಕಂಚು ಗೆದ್ದದ್ದು ಗ್ರೀಕೊ–ರೋಮನ್ ಕುಸ್ತಿಯಲ್ಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಜಾತ್ರೆಗಳಲ್ಲಿ ಹೆಸರು ತರುವುದು ಮಣ್ಣಿನ ಕುಸ್ತಿ. ಪದಕ ಒಂದು ಕಡೆ, ಜನಪ್ರಿಯತೆ ಇನ್ನೊಂದು ಕಡೆ!

ಕನ್ನಡದ ರತ್ನತ್ರಯರಲ್ಲಿ ಒಬ್ಬನಾದ ರನ್ನ ಹುಟ್ಟಿದ್ದು ಮುಧೋಳದಲ್ಲಿ. ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡವನು. ಅವನ ‘ಗದಾಯುದ್ಧ’ದಲ್ಲಿ ಭೀಮನ ಗದೆ ಕೊನೆಗೆ ಬೀಳುವುದು ದುರ್ಯೋಧನನ ತೊಡೆಯ ಮೇಲೆ. ಗದೆಯ ಕಾಳಗದಲ್ಲಿ ನಾಭಿಯ ಕೆಳಗೆ ಹೊಡೆಯಬಾರದು ಎಂಬುದು ನಿಯಮ. ಭೀಮ ಹೊಡೆದ, ಗೆದ್ದ. ಆದರೆ ಆ ಏಟು ಧರ್ಮವೋ ಅಧರ್ಮವೋ ಎಂಬ ಚರ್ಚೆ ಸಾವಿರ ವರ್ಷ ಕಳೆದರೂ ಮುಗಿದಿಲ್ಲ.

ರನ್ನನ ಊರಿನ ಸುತ್ತಮುತ್ತ ಇಂದಿಗೂ ಜನ ಮುಗಿಬಿದ್ದು ನೋಡುವ ಮಟ್ಟಿ ಕುಸ್ತಿಯಲ್ಲಿ ಇಂಥ ನಿಯಮವಿಲ್ಲ. ಅಲ್ಲಿ ಕಾಲು ಹಿಡಿಯಬಹುದು, ತೊಡೆಗೆ ಕೈ ಹಾಕಬಹುದು, ಕಾಲಿಗೆ ಕಾಲು ಕೊಟ್ಟು ಉರುಳಿಸಬಹುದು. ಆದರೆ ಸೊಂಟದ ಕೆಳಗೆ ಮುಟ್ಟುವಂತೆಯೇ ಇಲ್ಲದ ಕುಸ್ತಿಯೊಂದು ಜಗತ್ತಿನಲ್ಲಿದೆ. ಅದರ ಹೆಸರು ಗ್ರೀಕೊ–ರೋಮನ್. ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಅದೇ ಕುಸ್ತಿಯಾಡಿ ಒಂದಲ್ಲ, ಎರಡು ಸಲ ಕಂಚಿನ ಪದಕ ಗೆದ್ದವನು ಕರ್ನಾಟಕದ ಅರ್ಜುನ್ ಹಲಕುರ್ಕಿ. ಅವನ ಅಡ್ಡಹೆಸರೇ ಒಂದು ಊರಿನ ಹೆಸರು. ಹಲಕುರ್ಕಿ ಇರುವುದು ಇದೇ ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲ್ಲೂಕಿನಲ್ಲಿ.

ಮಣ್ಣಿನ ಪೈಲ್ವಾನನೊಬ್ಬ ಜಾತ್ರೆಯಲ್ಲಿ ಗೆದ್ದರೆ ಮರುದಿನ ಹತ್ತು ಹಳ್ಳಿಯಲ್ಲಿ ಅವನದೇ ಮಾತು. ಏಷ್ಯಾದಲ್ಲಿ ಗೆದ್ದ ಅರ್ಜುನನ ಪಟ್ಟು ಯಾವುದು, ಎದುರಾಳಿ ಯಾರು, ಎಷ್ಟಕ್ಕೆ ಎಷ್ಟು ಅಂಕ ಎಂದು ಹೇಳಬಲ್ಲವರು ಅದೇ ಹತ್ತು ಹಳ್ಳಿಯಲ್ಲಿ ಎಷ್ಟು ಮಂದಿ? ಇದು ಒಬ್ಬ ಪೈಲ್ವಾನನ ಅದೃಷ್ಟದ ಪ್ರಶ್ನೆಯಲ್ಲ. ಗರಡಿ ಮನೆಯಲ್ಲಿ ಬೆವರು ಹರಿಸುತ್ತಿರುವ ಹುಡುಗರ ಮುಂದಿನ ದಾರಿಯ ಪ್ರಶ್ನೆ.

ದೆಹಲಿಯ ಆ ದಿನ

2020ರ ಫೆಬ್ರುವರಿ 18. ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನ ಮೊದಲ ದಿನ. ಕೊರೊನಾ ಆಗಲೇ ಚೀನಾದಲ್ಲಿ ಹರಡಿತ್ತು, ಆ ದೇಶದ ತಂಡ ಬರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಭಾರತಕ್ಕೂ ಲಾಕ್‌ಡೌನ್ ಬಂತು. ಅದಕ್ಕೆ ಮುಂಚೆ ನಡೆದ ಕೊನೆಯ ದೊಡ್ಡ ಕುಸ್ತಿಗಳಲ್ಲಿ ಅದೂ ಒಂದು.

ಆ ದಿನ 55 ಕೆ.ಜಿ. ವಿಭಾಗದ ಸೆಮಿಫೈನಲ್‌ನಲ್ಲಿ ಅರ್ಜುನನಿಗೆ ಎದುರಾದವನು ಇರಾನಿನ ಪೌಯಾ ನಾಸೆರ್‌ಪುರ್. ಇರಾನ್ ಎಂದರೆ ಕುಸ್ತಿಯ ತವರು. ಆದರೆ ಕಣದಲ್ಲಿ ನಡೆದದ್ದೇ ಬೇರೆ. ಅರ್ಜುನ 7–1ರಿಂದ ಮುಂದಿದ್ದ! ಗ್ರೀಕೊ–ರೋಮನ್‌ನಲ್ಲಿ ಎಂಟು ಅಂಕದ ಅಂತರ ಬಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಅಂದರೆ ಎದುರಾಳಿಯನ್ನು ಇನ್ನೊಂದು ಸಲ ಕೆಡವಿ ಎರಡು ಅಂಕ ಗಳಿಸಿದ್ದರೆ 9–1, ಫೈನಲ್ ಬಾಗಿಲು ತೆರೆದಂತೆಯೇ. ಆ ಎರಡು ಅಂಕ ಬರಲಿಲ್ಲ. ಇರಾನಿಯ ತಿರುಗಿಬಿದ್ದ, ಒಂದೊಂದಾಗಿ ಅಂಕ ಕಿತ್ತ. ಕೊನೆಗೆ ಫಲಿತಾಂಶ 7–8. ಒಂದೇ ಅಂಕದ ಸೋಲು.

ಇಂಥ ಸೋಲಿನ ನಂತರ ಮತ್ತೆ ಕಣಕ್ಕಿಳಿಯುವುದು ಸುಲಭವಲ್ಲ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂಬ ಕೊರಗು ಮೈಯ ಕಸುವನ್ನೇ ತಿನ್ನುತ್ತದೆ. ಅರ್ಜುನ ಇಳಿದ. ಕಂಚಿನ ಪಂದ್ಯದಲ್ಲಿ ಕೊರಿಯಾದ ವೊನ್ ಡಾಂಗ್‌ಹ್ಯೋಕ್‌ನನ್ನು 7–4ರಿಂದ ಸೋಲಿಸಿ ಪದಕ ಕೊರಳಿಗೆ ಹಾಕಿಕೊಂಡ.

ಅದೇ ದಿನ 87 ಕೆ.ಜಿ. ವಿಭಾಗದಲ್ಲಿ ಹರಿಯಾಣದ ಸುನೀಲ್ ಕುಮಾರ್ ಚಿನ್ನ ಗೆದ್ದ. 1993ರಲ್ಲಿ ಪಪ್ಪು ಯಾದವ್ 48 ಕೆ.ಜಿ. ವಿಭಾಗದಲ್ಲಿ ಗೆದ್ದ ನಂತರ ಗ್ರೀಕೊ–ರೋಮನ್‌ನಲ್ಲಿ ಭಾರತಕ್ಕೆ ಏಷ್ಯನ್ ಚಾಂಪಿಯನ್‌ಷಿಪ್ ಚಿನ್ನ ಬರಲು 27 ವರ್ಷ ಬೇಕಾಯಿತು. ಪತ್ರಿಕೆಗಳ ಮುಖಪುಟಕ್ಕೆ ಚಿನ್ನವೇ ಬಂತು, ಸಹಜ. ಆ ಕೂಟದ ಗ್ರೀಕೊ–ರೋಮನ್‌ನಲ್ಲಿ ಭಾರತಕ್ಕೆ ಸಿಕ್ಕ ನಾಲ್ಕು ಕಂಚುಗಳಲ್ಲಿ ಅರ್ಜುನನದೂ ಒಂದಾಗಿ ಒಳಪುಟ ಸೇರಿತು.

ಮಾತು ಅವರದು, ಮಣ್ಣು ನಮ್ಮದು

ಒಂದು ಸ್ವಾರಸ್ಯ ಗಮನಿಸಬೇಕು. ನಾವು ಆಡುವ ‘ಕುಸ್ತಿ’ ಎಂಬ ಮಾತು ಬಂದದ್ದು ಪಾರಸಿಯಿಂದ. ‘ಪೈಲ್ವಾನ’ ಎಂಬುದೂ ಅಲ್ಲಿನ ‘ಪಹ್ಲವಾನ್’. ಗರಡಿಯ ಹಿರಿಯನನ್ನು ನಮ್ಮ ಕಡೆ ‘ವಸ್ತಾದ’ ಎನ್ನುತ್ತೇವಲ್ಲ, ಅದೂ ‘ಉಸ್ತಾದ್’. ಇರಾನಿನಲ್ಲಿ ‘ಜೂರ್‌ಖಾನೆ’ ಎಂಬ ಸಾಮು ಮನೆಗಳಿವೆ. ನೆಲಮಟ್ಟಕ್ಕಿಂತ ತಗ್ಗಾದ ಕುಣಿಯಲ್ಲಿ ಇಳಿದು, ಡೋಲಿನ ಬಡಿತಕ್ಕೆ ಮುದ್ಗರ ತಿರುಗಿಸುತ್ತಾರೆ. ನಮ್ಮ ಗರಡಿಯಲ್ಲಿ ಹನುಮಪ್ಪನಿಗೆ ಕೈಮುಗಿದು ಮಣ್ಣಿಗಿಳಿಯುವ ಹುಡುಗನಿಗೆ ಅದು ಅಪರಿಚಿತ ಎನಿಸಲಾರದು.

ಅರ್ಜುನ ಮಣಿಸಿದ ಕೊರಿಯನ್ನನ ನಾಡಿನಲ್ಲೂ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮರಳಿನ ಮೇಲೆ ಆಡುವ ‘ಸಿರುಮ್’ ಎಂಬ ಹಬ್ಬದ ಕುಸ್ತಿಯಿದೆ. ಎರಡು ವರ್ಷದ ನಂತರ, 2022ರ ಏಪ್ರಿಲ್ 19ರಂದು, ಅರ್ಜುನ ಎರಡನೇ ಕಂಚು ಗೆದ್ದದ್ದು ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲಿ. ಸೋಲಿಸಿದ್ದೂ ಮಂಗೋಲಿಯಾದವನನ್ನೇ, ಅದೂ ಅವನ ಮನೆಯಂಗಳದಲ್ಲಿ. ದಾವಾಬಂದಿ ಮುಂಖ್ ಎರ್ಡೆನೆಯ ಎದುರು ಅಂಕ 10–7. ಮಂಗೋಲಿಯಾದಲ್ಲಿ ಕುಸ್ತಿಯೆಂದರೆ ‘ನಾದಮ್’ ಹಬ್ಬದ ಪ್ರಾಣ. ಅಲ್ಲಿನ ನಾಡಕುಸ್ತಿಯಲ್ಲಿ ತೂಕದ ಲೆಕ್ಕವಿಲ್ಲ, ಮೊಣಕಾಲು ಮೊಣಕೈ ನೆಲಕ್ಕೆ ತಾಗಿದವನು ಸೋತಂತೆ.

ಹೀಗೆ ಮೂರೂ ದೇಶಗಳಲ್ಲಿ ಜಾತ್ರೆಯ ಕುಸ್ತಿ ಇದೆ. ನಮ್ಮಲ್ಲೂ ಇದೆ. ವ್ಯತ್ಯಾಸವೆಂದರೆ ಇರಾನಿನವರು ಜೂರ್‌ಖಾನೆಯನ್ನೂ ಬಿಡಲಿಲ್ಲ, ಗ್ರೀಕೊ–ರೋಮನ್ ಮ್ಯಾಟನ್ನೂ ತಮ್ಮದಾಗಿಸಿಕೊಂಡರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹಮೀದ್ ಸೂರಿಯನ್ ಇರಾನಿಗೆ ಮೊದಲ ಗ್ರೀಕೊ–ರೋಮನ್ ಚಿನ್ನ ತಂದ. ಅವನು ಗೆದ್ದದ್ದು 55 ಕೆ.ಜಿ. ವಿಭಾಗದಲ್ಲಿ. ಅರ್ಜುನನದೂ ಅದೇ ತೂಕ.

ಏನಿದು ಗ್ರೀಕೊ–ರೋಮನ್?

ಹೆಸರು ಕೇಳಿದರೆ ಎರಡು ಸಾವಿರ ವರ್ಷದ ಹಿಂದಿನದು ಎನಿಸುತ್ತದೆ. ನಿಜಕ್ಕೂ ಇದು ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನ ಕೂಸು. ಝಾನ್ ಎಕ್ಸ್‌ಬ್ರಾಯಾ ಎಂಬ ಮಾಜಿ ಸೈನಿಕ ಊರೂರು ತಿರುಗಿ ಕುಸ್ತಿ ಪ್ರದರ್ಶನ ನೀಡುತ್ತಿದ್ದ. ಸೊಂಟದ ಕೆಳಗೆ ಹಿಡಿಯಬಾರದು ಎಂಬ ಕಟ್ಟು ಹಾಕಿದವನು ಅವನೇ ಎನ್ನುತ್ತಾರೆ. ಬಾರ್ತೊಲೆಟ್ಟಿ ಎಂಬ ಇಟಲಿಯ ಪೈಲ್ವಾನ ಅದಕ್ಕೆ ಗ್ರೀಸ್ ಮತ್ತು ರೋಮಿನ ಹೆಸರು ಅಂಟಿಸಿದ.

ಲೆಕ್ಕ ಸರಳ. ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷ ವಿಶ್ರಾಂತಿ. ಎದುರಾಳಿಯ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ. ತನ್ನ ಕಾಲಿನಿಂದ ಅವನ ಕಾಲು ತಡೆಯುವಂತಿಲ್ಲ, ಕೊಕ್ಕೆ ಹಾಕುವಂತಿಲ್ಲ. ಉಳಿದದ್ದು ಕೈ, ಎದೆ, ಕೊರಳು, ಬೆನ್ನು. ಕೆಡವಿ ಹಿಡಿದರೆ ಎರಡು ಅಂಕ. ಬೆನ್ನು ನೆಲಕ್ಕೆ ತೋರುವಂತೆ ಎತ್ತಿ ಒಗೆದರೆ ನಾಲ್ಕು. ಆಕಾಶಕ್ಕೆತ್ತಿ ಕಮಾನಿನಂತೆ ತಿರುಗಿಸಿ ಒಗೆದರೆ ಐದು. ಎರಡೂ ಭುಜ ನೆಲಕ್ಕೆ ಒತ್ತಿ ಹಿಡಿದರೆ ಅಂಕದ ಲೆಕ್ಕವೇ ಬೇಡ, ಪಂದ್ಯ ಮುಗಿಯಿತು. ಅದು ನಮ್ಮ ‘ಚಿತ್’.

ಕುಸ್ತಿ ಮಾಡದೆ ಬರೀ ತಳ್ಳಾಟ ನಡೆಸಿದವನನ್ನು ರೆಫರಿ ನೆಲಕ್ಕೆ ಬೋರಲು ಹಾಕಿಸುತ್ತಾನೆ. ಎದುರಾಳಿ ಮೇಲಿನಿಂದ ನಡು ತಬ್ಬಿ ಹಿಡಿದು ಉರುಳಿಸಲು, ಎತ್ತಲು ನೋಡುತ್ತಾನೆ. ಕೆಳಗಿನವನು ನೆಲಕ್ಕೆ ಅಂಟಿಕೊಳ್ಳಬೇಕು. ನೋಡುವವರಿಗೆ ಇಬ್ಬರೂ ಸುಮ್ಮನೆ ಮಲಗಿದಂತೆ ಕಾಣುತ್ತದೆ. ಒಳಗೆ ಪಕ್ಕೆಲುಬು ಮುರಿಯುವಂಥ ಹೋರಾಟ!

ಗರಡಿಯಿಂದ ಬಂದ ಹುಡುಗನಿಗೆ ಕಷ್ಟವಾಗುವುದು ಇಲ್ಲೇ. ಕೊಲ್ಹಾಪುರದಿಂದ ಹರಿದುಬಂದ ಏಕೇರಿ, ದುಹೇರಿ ಎಂಬ ಪಟ್ಟುಗಳು ಅವನಿಗೆ ಉಸಿರಿನಷ್ಟು ರೂಢಿ. ಒಂದು ಕಾಲಿಗೆ ಕೈ ಹಾಕುವುದು ಏಕೇರಿ, ಎರಡೂ ಕಾಲಿಗೆ ಹಾಕುವುದು ದುಹೇರಿ. ಗ್ರೀಕೊ–ರೋಮನ್‌ನಲ್ಲಿ ಎರಡೂ ನಿಷಿದ್ಧ. ತೊಡೆಗೆ ತೋಳು ಕೊಟ್ಟು ಹೆಗಲ ಮೇಲೆ ಹೊರುವ ‘ಕಲಾಜಂಗ’ ನಡೆಯದು. ಕಾಲು ಅಡ್ಡ ಕೊಡುವ ‘ಢಾಕ್’ ನಡೆಯದು. ತೋಳು ಹಿಡಿದು ಬೆನ್ನ ಮೇಲಿಂದ ಬಟ್ಟೆ ಒಗೆದಂತೆ ಒಗೆಯುವ ‘ಧೋಬಿ ಪಛಾಡ’ ಮಾತ್ರ ಇಲ್ಲೂ ಸಲ್ಲುತ್ತದೆ. ಹತ್ತು ವರ್ಷ ಕಲಿತ ವಿದ್ಯೆಯಲ್ಲಿ ಅರ್ಧವನ್ನು ಮರೆತು ಮತ್ತೆ ಕಲಿಯಬೇಕು.

ಹಾಗೆಂದು ಗರಡಿ ಕೊಟ್ಟದ್ದೆಲ್ಲ ದಂಡವಲ್ಲ. ನಸುಕಿನಲ್ಲಿ ಎದ್ದು ಹೊಡೆದ ದಂಡ, ಬೈಠಕ್, ಗುದ್ದಲಿ ಹಿಡಿದು ಹದ ಮಾಡಿದ ಕೆಮ್ಮಣ್ಣು, ಹತ್ತಿದ ಹಗ್ಗ, ಎತ್ತಿದ ಗುಂಡುಕಲ್ಲು ಇವೆಲ್ಲ ಬೆಳೆಸುವುದು ಕೊರಳು, ಹೆಗಲು, ಮುಂಗೈಯನ್ನೇ. ಗ್ರೀಕೊ–ರೋಮನ್ ಬೇಡುವುದೂ ಅವನ್ನೇ. ಬಂಡವಾಳ ಇದೆ, ವ್ಯಾಪಾರ ಬೇರೆ.

ಜಂಗಿ ನಿಕಾಲಿ ಕುಸ್ತಿ

ಈ ನಾಲ್ಕು ತಾಲ್ಲೂಕುಗಳ ನೆಲವನ್ನು ಸ್ವಲ್ಪ ನೋಡಬೇಕು. ಕೃಷ್ಣೆಯ ದಂಡೆಯ ಜಮಖಂಡಿಯನ್ನು ಪಟವರ್ಧನರು ಆಳಿದರು. ಘಟಪ್ರಭೆಯ ಮಗ್ಗುಲಿನ ಮುಧೋಳವನ್ನು ಘೋರ್ಪಡೆಯವರು ಆಳಿದರು. 1948ರಲ್ಲಿ ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದವು, 1956ರಲ್ಲಿ ಕನ್ನಡ ನಾಡಿಗೆ ಸೇರಿದವು. ರಬಕವಿ–ಬನಹಟ್ಟಿ ಮಗ್ಗದ ಊರು, 2018ರಲ್ಲಿ ತಾಲ್ಲೂಕಾಯಿತು. ಬೀಳಗಿ ತಾಲ್ಲೂಕಿನ ಹಲವು ಊರುಗಳನ್ನು ಆಲಮಟ್ಟಿಯ ಹಿನ್ನೀರು ನುಂಗಿದೆ. ಹೊಲ ಬಿಟ್ಟು, ಮನೆ ಬಿಟ್ಟು, ಗುಡಿಯ ದೇವರನ್ನು ಹೊತ್ತು ದಿಬ್ಬಕ್ಕೆ ಬಂದವರು ಇಲ್ಲಿನ ಜನ.

ಇವೆಲ್ಲಕ್ಕೂ ಕುಸ್ತಿಯ ಗುರುಪೀಠ ಎಂದರೆ ಪಶ್ಚಿಮಕ್ಕಿರುವ ಕೊಲ್ಹಾಪುರ. ಶಾಹು ಮಹಾರಾಜರು ಕುಸ್ತಿಗೆಂದೇ ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ತೆರೆಯಿತು. ಮಣ್ಣಿನ ಕುಸ್ತಿ ಕಲಿಯಬೇಕೆಂದರೆ ಕೊಲ್ಹಾಪುರದ ತಾಲೀಮಿನ ದಾರಿ ಹಿಡಿಯುವುದು ಗಡಿಭಾಗದ ಹಳೆಯ ರೂಢಿ. ಪಟ್ಟುಗಳ ಹೆಸರಿನಲ್ಲಿ ಮರಾಠಿ, ಹಿಂದಿ ಬೆರೆತಿರುವುದೂ ಇದೇ ಕಾರಣಕ್ಕೆ.

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಗೋಡೆಗಳ ಮೇಲೆ ಬಣ್ಣದ ಭಿತ್ತಿಪತ್ರಗಳು ಏಳುತ್ತವೆ. ‘ಜಂಗಿ ನಿಕಾಲಿ ಕುಸ್ತಿಗಳು’ ಎಂಬ ದಪ್ಪಕ್ಷರ. ಸಮಬಲ ಎಂದು ಕೈಕುಲುಕಿ ಬಿಡುವ ಆಟವಲ್ಲ, ಸೋಲು ಗೆಲುವು ನಿಕಾಲಿ ಆಗಲೇಬೇಕು ಎಂಬರ್ಥ. ಮಧ್ಯಾಹ್ನದ ಬಿಸಿಲಿಗೇ ಜನ ಕಣದ ಸುತ್ತ ಕೂರುತ್ತಾರೆ. ಹಲಗೆ ಬಡಿತ ಏರುತ್ತದೆ. ಮೊದಲು ಚಿಕ್ಕ ಹುಡುಗರ ಕುಸ್ತಿ, ತೆಂಗಿನಕಾಯಿಯೋ ಹತ್ತಿಪ್ಪತ್ತು ರೂಪಾಯಿಯೋ ಬಹುಮಾನ. ಹೊತ್ತು ಇಳಿದಂತೆ ಪೈಲ್ವಾನರ ಮೈ ದೊಡ್ಡದಾಗುತ್ತದೆ, ಬಹುಮಾನವೂ ದೊಡ್ಡದಾಗುತ್ತದೆ. ಕೊನೆಯ ಜೋಡಿಗೆ ಬೆಳ್ಳಿ ಕಡಗ, ಬೆಳ್ಳಿ ಗದೆ. ಗೆದ್ದವನಿಗೆ ಪಟಗಾ ಸುತ್ತಿ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಕಣದಲ್ಲೇ ಖುಷಿಯಾದವರು ನೋಟು ಕೊಡುತ್ತಾರೆ, ಧ್ವನಿವರ್ಧಕದಲ್ಲಿ ಕೊಟ್ಟವರ ಹೆಸರು ಕೇಳಿಸುತ್ತದೆ.

ಅಲ್ಲಿ ಕೂತ ಪ್ರೇಕ್ಷಕರು ಬರಿಯ ಪ್ರೇಕ್ಷಕರಲ್ಲ. ಬಹಳ ಮಂದಿ ತಾವೇ ಒಂದು ಕಾಲಕ್ಕೆ ಮಣ್ಣು ಮೆತ್ತಿಕೊಂಡವರು. ‘ಕಾಲ ಹಿಡಿಯೋ ತಮ್ಮಾ, ಬಿಡಬ್ಯಾಡ!’ ಎಂದು ಕೂಗುವ ಅಜ್ಜನಿಗೆ ಮುಂದಿನ ಪಟ್ಟು ಪೈಲ್ವಾನನಿಗಿಂತ ಮೊದಲೇ ಕಾಣುತ್ತದೆ. ಜನಪ್ರಿಯತೆ ಎಂಬುದು ಹುಟ್ಟುವುದೇ ಹೀಗೆ. ನೋಡುವವನಿಗೆ ಆಟ ತಿಳಿದಿರಬೇಕು, ಗೆದ್ದವನ ಮೈ ಅವನ ಕಣ್ಣಳತೆಯಲ್ಲಿರಬೇಕು.

ಇಲ್ಲಿ 55 ಕೆ.ಜಿ.ಯ ಪೈಲ್ವಾನನ ಜಾಗ ಯಾವುದು? ಜಾತ್ರೆಯಲ್ಲಿ ತಕ್ಕಡಿ ಇಲ್ಲ. ಹಿರಿಯರು ಮೈ ನೋಡಿ ಜೋಡಿ ಹಚ್ಚುತ್ತಾರೆ. ಸಣ್ಣ ಮೈಯವನ ಕುಸ್ತಿ ಬಿಸಿಲಿನಲ್ಲೇ ಮುಗಿದುಹೋಗುತ್ತದೆ. ಜನ ನೆನಪಿಡುವುದು ಸಂಜೆಯ ಕೊನೆಯ ಜೋಡಿಯನ್ನು. ತೆಳ್ಳಗಿನ ಮೈಗೇ ಹೆಸರಾದ ಬೇಟೆನಾಯಿಯನ್ನು ದೇಶಕ್ಕೆ ಕೊಟ್ಟ ಮುಧೋಳದ ಸೀಮೆಯಲ್ಲೂ ಪೈಲ್ವಾನ ಎಂದರೆ ಆನೆಯಂಥ ಮೈ ಇರಬೇಕು ಎಂಬ ಲೆಕ್ಕವೇ ನಡೆದಿದೆ.

ಅಂತರರಾಷ್ಟ್ರೀಯ ಕುಸ್ತಿಯ ತಕ್ಕಡಿ ಸಣ್ಣ ಮೈಯವನಿಗೂ ನ್ಯಾಯ ಕೊಡುತ್ತದೆ. ಅಲ್ಲಿ 55ರವನು 55ರವನನ್ನೇ ಎದುರಿಸುತ್ತಾನೆ. ಅವನ ಪದಕಕ್ಕೂ 130 ಕೆ.ಜಿ.ಯವನ ಪದಕಕ್ಕೂ ಒಂದೇ ಬೆಲೆ. ಅರ್ಜುನನಂಥವನು ಏಷ್ಯಾದ ಕಟ್ಟೆ ಹತ್ತಿದ್ದು ಈ ತಕ್ಕಡಿಯಿಂದ.

ಅಂದಳ್ಕರರ ಚಿನ್ನ ಯಾರಿಗೆ ನೆನಪಿದೆ?

ಪದಕ ಒಂದು ಕುಸ್ತಿಯಲ್ಲಿ, ಕೀರ್ತಿ ಇನ್ನೊಂದರಲ್ಲಿ ಎಂಬುದು ಹೊಸ ಕತೆಯೇನಲ್ಲ. ಗಡಿಯಾಚೆಯ ಗಣಪತರಾವ್ ಅಂದಳ್ಕರರನ್ನು ನೆನೆಯಬಹುದು. ಸಾಂಗ್ಲಿ ಜಿಲ್ಲೆಯ ಶಿರಾಳ ತಾಲ್ಲೂಕಿನ ಪುನವತ ಗ್ರಾಮದವರು, ಕೊಲ್ಹಾಪುರದ ಮಣ್ಣಿನಲ್ಲಿ ಬೆಳೆದವರು. 1960ರಲ್ಲಿ ‘ಹಿಂದ್ ಕೇಸರಿ’ ಆದರು. 2018ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ‘ಹಿಂದ್ ಕೇಸರಿ ಇನ್ನಿಲ್ಲ’ ಎಂದೇ ಬರೆದವು.

ಆದರೆ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಅಂದಳ್ಕರರು ಭಾರಿ ತೂಕದ ವಿಭಾಗದಲ್ಲಿ ಚಿನ್ನ ಗೆದ್ದದ್ದು ಗ್ರೀಕೊ–ರೋಮನ್‌ನಲ್ಲಿ! ಕಾಲು ಹಿಡಿಯಬಹುದಾದ ಫ್ರೀಸ್ಟೈಲ್‌ನಲ್ಲಿ ಅವರಿಗೆ ಸಿಕ್ಕಿದ್ದು ಬೆಳ್ಳಿ. ಅದೇ ಕೂಟದಲ್ಲಿ ಸಾಂಗ್ಲಿ ಜಿಲ್ಲೆಯವರೇ ಆದ ಮಾರುತಿ ಮಾನೆ ಫ್ರೀಸ್ಟೈಲ್ ಚಿನ್ನದ ಜತೆಗೆ ಗ್ರೀಕೊ–ರೋಮನ್ ಬೆಳ್ಳಿಯನ್ನೂ ಗೆದ್ದರು. ಅವರನ್ನೂ ಜನ ನೆನೆಯುವುದು 1964ರ ಹಿಂದ್ ಕೇಸರಿ ಎಂದು. ಮಣ್ಣಿನ ಬಿರುದು ಹೆಸರಿನ ಮುಂದೆ ಕುಳಿತಿತು, ಜಕಾರ್ತಾದ ಪದಕ ದಾಖಲೆಯ ಪುಸ್ತಕ ಸೇರಿತು.

ಒಂದು ಸಮಾಧಾನ ಇದೆ. ಅವರಿಗೆ ಮಣ್ಣಿನ ಕೀರ್ತಿಯಾದರೂ ಇತ್ತು. ಗರಡಿ, ಜಾತ್ರೆ, ಶಿಷ್ಯವರ್ಗ ಎಲ್ಲ ಆ ಕೀರ್ತಿಯ ನೆರಳಿನಲ್ಲೇ ಬೆಳೆದವು. ಇಂದಿನ ಗ್ರೀಕೊ–ರೋಮನ್ ಪೈಲ್ವಾನ ಎಳೆಯ ವಯಸ್ಸಿನಲ್ಲೇ ಮ್ಯಾಟಿಗೆ ಹೋಗಬೇಕು, ವರ್ಷದ ಬಹುಕಾಲ ಶಿಬಿರದಲ್ಲಿ ಕಳೆಯಬೇಕು. ಜಾತ್ರೆಯ ಕಣ ಅವನಿಗೆ ದೂರವಾಗುತ್ತದೆ.

ಯುರೋಪು ಮೆರೆಸಿದ ಪೈಲ್ವಾನರು

ಗ್ರೀಕೊ–ರೋಮನ್ ಪೈಲ್ವಾನನಿಗೆ ಜನಪ್ರಿಯತೆ ಒಲಿಯದು ಎಂದೇನೂ ಇಲ್ಲ. ನೂರಿಪ್ಪತ್ತು ವರ್ಷದ ಹಿಂದೆ ಯುರೋಪಿನಲ್ಲಿ ಇವರೇ ಸಿನಿಮಾ ನಟರಂತೆ ಮೆರೆದವರು. ಎಸ್ಟೋನಿಯಾದ ಟಾರ್ಟುವಿನಲ್ಲಿ ಹುಟ್ಟಿದ ಜಾರ್ಜ್ ಹ್ಯಾಕನ್‌ಸ್ಮಿಟ್ ಅವರಲ್ಲಿ ಮುಖ್ಯನಾದವನು. 1904ರ ಜನವರಿಯಲ್ಲಿ ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಅವನು ತುರ್ಕಿಯ ಅಹ್ಮದ್ ಮದ್ರಾಲಿಯನ್ನು ಎದುರಿಸಿದಾಗ ಜನಜಂಗುಳಿಯಿಂದ ಬೀದಿಗಳೇ ಕಟ್ಟಿಹೋದವು. ಕುಸ್ತಿ ಒಂದು ನಿಮಿಷವೂ ನಡೆಯಲಿಲ್ಲ. ಹ್ಯಾಕನ್‌ಸ್ಮಿಟ್ ಎತ್ತಿ ಒಗೆದ ರಭಸಕ್ಕೆ ಮದ್ರಾಲಿಯ ತೋಳಿನ ಕೀಲು ಜಾರಿತ್ತು.

1912ರ ಸ್ಟಾಕ್‌ಹೋಂ ಒಲಿಂಪಿಕ್ಸ್‌ನದು ಇನ್ನೂ ದೊಡ್ಡ ಸೋಜಿಗ. ರಷ್ಯಾದ ಪರ ಆಡಿದ ಎಸ್ಟೋನಿಯಾದ ಮಾರ್ಟಿನ್ ಕ್ಲೈನ್ ಮತ್ತು ಫಿನ್ಲೆಂಡಿನ ಅಸಿಕೈನೆನ್ ನಡುವಿನ ಸೆಮಿಫೈನಲ್ ನಡೆದದ್ದು 11 ಗಂಟೆ 40 ನಿಮಿಷ! ಕ್ಲೈನ್ ಗೆದ್ದ. ಆದರೆ ಫೈನಲ್ ಆಡುವ ಶಕ್ತಿ ಉಳಿದಿರಲಿಲ್ಲ. ಕುಸ್ತಿಯೇ ಮಾಡದೆ ಚಿನ್ನ ಸ್ವೀಡನ್ನಿನವನ ಪಾಲಾಯಿತು. ಇದಲ್ಲವೇ ನಿಜವಾದ ಜಂಗಿ ನಿಕಾಲಿ ಕುಸ್ತಿ?

ಆಮೇಲೆ ರಷ್ಯಾದ ಅಲೆಕ್ಸಾಂಡರ್ ಕರೇಲಿನ್ ಬಂದ. 1988, 1992, 1996ರಲ್ಲಿ ಮೂರು ಒಲಿಂಪಿಕ್ ಚಿನ್ನ. ನೆಲಕ್ಕಂಟಿದ 130 ಕೆ.ಜಿ.ಯ ಎದುರಾಳಿಯನ್ನು ಚೀಲದಂತೆ ತಬ್ಬಿ ಎತ್ತಿ ಹಿಂದಕ್ಕೆ ಒಗೆಯುತ್ತಿದ್ದ. 2000ದಲ್ಲಿ ಸಿಡ್ನಿಯಲ್ಲಿ ಅಮೆರಿಕದ ರೂಲನ್ ಗಾರ್ಡ್ನರ್ ಅವನನ್ನು 1–0ಯಿಂದ ಸೋಲಿಸಿದಾಗ ಜಗತ್ತೇ ಬೆರಗಾಯಿತು. ಕ್ಯೂಬಾದ ಮಿಹಾಯಿನ್ ಲೋಪೆಸ್ 2008ರಿಂದ 2024ರವರೆಗೆ ಐದು ಒಲಿಂಪಿಕ್ಸ್‌ನಲ್ಲಿ ಸತತವಾಗಿ ಐದು ಚಿನ್ನ ಗೆದ್ದ. ಒಂದೇ ವೈಯಕ್ತಿಕ ಸ್ಪರ್ಧೆಯಲ್ಲಿ ಬೇರೆ ಯಾವ ಕ್ರೀಡಾಪಟುವೂ ಮಾಡದ ಸಾಧನೆ. ಪ್ಯಾರಿಸ್‌ನಲ್ಲಿ ಕೊನೆಯ ಪಂದ್ಯ ಗೆದ್ದು ತನ್ನ ಬೂಟುಗಳನ್ನು ಮ್ಯಾಟಿನ ನಡುವೆ ಬಿಟ್ಟು ನಡೆದ. ಪೈಲ್ವಾನ ಬೂಟು ಬಿಟ್ಟನೆಂದರೆ ಕುಸ್ತಿಗೆ ವಿದಾಯ ಎಂದರ್ಥ. ಸಭಾಂಗಣ ಎದ್ದು ನಿಂತಿತು.

ಅಲ್ಲಿನ ಜನರಿಗೆ ಆ ಕುಸ್ತಿ ತಿಳಿದಿತ್ತು. ಅಷ್ಟೇ ಗುಟ್ಟು.

ತಕ್ಕಡಿಯ ಅನ್ಯಾಯ

ಅರ್ಜುನನಂಥವರಿಗೆ ಇನ್ನೂ ಒಂದು ಅಡ್ಡಿ ಇದೆ. ಸಣ್ಣ ಮೈಗೆ ನ್ಯಾಯ ಕೊಟ್ಟ ತಕ್ಕಡಿಯೇ ಮುಂದೆ ಅನ್ಯಾಯ ಮಾಡುತ್ತದೆ. ಏಷ್ಯನ್ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಗ್ರೀಕೊ–ರೋಮನ್‌ಗೆ ಹತ್ತು ತೂಕದ ವಿಭಾಗಗಳಿವೆ. 55 ಕೆ.ಜಿ. ಅದರಲ್ಲಿ ಮೊದಲನೆಯದು. ಒಲಿಂಪಿಕ್ಸ್‌ನಲ್ಲಿ ಆರೇ ವಿಭಾಗ. 55 ಕೆ.ಜಿ. ವಿಭಾಗಕ್ಕೆ ಲಂಡನ್ನೇ ಕೊನೆ. 2020ರ ಟೋಕಿಯೊ, 2024ರ ಪ್ಯಾರಿಸ್ ಎರಡರಲ್ಲೂ ಲೆಕ್ಕ ಶುರುವಾದದ್ದು 60ರಿಂದ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ್ದೂ ಇದೇ ಲೆಕ್ಕ. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಗ್ರೀಕೊ–ರೋಮನ್ ಇದ್ದದ್ದು ಒಮ್ಮೆ ಮಾತ್ರ, 2010ರ ದೆಹಲಿಯಲ್ಲಿ. ಆಗ ಭಾರತ ಅದರಲ್ಲಿ ನಾಲ್ಕು ಚಿನ್ನ ಗೆದ್ದಿತ್ತು.

ಐದು ಕೆ.ಜಿ. ಏರಿಸಿದರಾಯಿತಲ್ಲ ಎಂದು ಕೇಳಬಹುದು. ಹೆಗಲು ಎದೆಗಳ ಬಲದ ಮೇಲೆಯೇ ನಿಂತ ಈ ಕುಸ್ತಿಯಲ್ಲಿ ಅದು ಸಣ್ಣ ಮಾತಲ್ಲ. ಎತ್ತರದ ತೂಕದವರು ನೀರು, ಊಟ ಬಿಟ್ಟು ಮೈ ಇಳಿಸಿಕೊಂಡು ಕೆಳಗಿನ ವಿಭಾಗಕ್ಕೆ ಬರುತ್ತಾರೆ. 60ರ ವಿಭಾಗದಲ್ಲಿ ತಕ್ಕಡಿ ಹತ್ತುವವನ ದಿನನಿತ್ಯದ ಮೈ ಅದಕ್ಕಿಂತ ಹೆಚ್ಚೇ ಇರುತ್ತದೆ. 55ರವನು ಉಂಡು ಉಬ್ಬಿ 60ಕ್ಕೆ ಬಂದರೆ ಎದುರಿಗೆ ಸಿಗುವುದು ಅಂಥ ಮೈ.

ಒಲಿಂಪಿಕ್ಸ್ ಇಲ್ಲದ ವಿಭಾಗ ಎಂದರೆ ದೊಡ್ಡ ಬಹುಮಾನವಿಲ್ಲ, ಟಿ.ವಿ. ಇಲ್ಲ, ಜಾಹೀರಾತಿಲ್ಲ. ಇಡೀ ಗ್ರೀಕೊ–ರೋಮನ್‌ನಲ್ಲಿ ಭಾರತಕ್ಕೆ ಇದುವರೆಗೆ ಒಂದೂ ಒಲಿಂಪಿಕ್ ಪದಕ ಬಂದಿಲ್ಲ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದ, ಕರಾಡ ಸಮೀಪದ ಗೋಳೇಶ್ವರದ ಕೆ.ಡಿ. ಜಾಧವರಿಂದ ಹಿಡಿದು ನಮ್ಮ ಒಲಿಂಪಿಕ್ ಕುಸ್ತಿ ಪದಕಗಳೆಲ್ಲ ಫ್ರೀಸ್ಟೈಲ್‌ನವು. 2023ರಲ್ಲಿ ಸುನೀಲ್ ಕುಮಾರ್ ಹಾಂಗ್‌ಝೌನಲ್ಲಿ ಕಂಚು ಗೆದ್ದಾಗ ಅದು ಏಷ್ಯನ್ ಕ್ರೀಡಾಕೂಟದ ಗ್ರೀಕೊ–ರೋಮನ್‌ನಲ್ಲಿ 13 ವರ್ಷಗಳ ನಂತರ ಭಾರತಕ್ಕೆ ಬಂದ ಪದಕ. ಇಂಥ ಬರಗಾಲದಲ್ಲಿ ಕರ್ನಾಟಕದವನೊಬ್ಬ ಏಷ್ಯಾದ ಎರಡು ಕಂಚು ಗೆದ್ದನೆಂದರೆ ಅದರ ತೂಕ 55 ಕೆ.ಜಿ.ಗಿಂತ ಬಹಳ ಹೆಚ್ಚು.

ಜಾತ್ರೆಯಲ್ಲೊಂದು ಮ್ಯಾಟು

ಹಾಗಾದರೆ ಮಣ್ಣು ಬಿಟ್ಟು ಎಲ್ಲರೂ ಮ್ಯಾಟಿಗೆ ಹೋಗಬೇಕೆ? ಬೇಕಿಲ್ಲ. ಮಣ್ಣಿನ ಕುಸ್ತಿ ಈ ಸೀಮೆಯ ಹಬ್ಬ. ಮಗ್ಗ ಬಿಟ್ಟು ಬಂದ ಬನಹಟ್ಟಿಯ ನೇಕಾರ, ಕಬ್ಬಿಗೆ ನೀರು ಕಟ್ಟಿ ಬಂದ ಮುಧೋಳದ ರೈತ, ಹಿನ್ನೀರಿನಿಂದ ಊರು ಕಳೆದುಕೊಂಡ ಬೀಳಗಿಯವನು, ಜಮಖಂಡಿಯ ಹಮಾಲ, ಎಲ್ಲ ಒಂದೇ ಸಾಲಿನಲ್ಲಿ ಕೂತು ಒಂದೇ ಉಸಿರಿನಲ್ಲಿ ಕೂಗುವ ಜಾಗ ಅದೊಂದೇ. ಅದನ್ನು ಉಳಿಸಿಕೊಂಡೇ ಮಾಡಬಹುದಾದ ಕೆಲಸ ಉಂಟು.

ಜಾತ್ರೆಯ ಕುಸ್ತಿ ಕಮಿಟಿಯವರು ದೊಡ್ಡ ಜೋಡಿಗಳ ನಡುವೆ ಗ್ರೀಕೊ–ರೋಮನ್ ಜೋಡಿ ಒಂದನ್ನು ಹಚ್ಚಿ ನೋಡಬಹುದು. ಧ್ವನಿವರ್ಧಕದಲ್ಲಿ ನಿಯಮ ಹೇಳುವವರು ಒಬ್ಬರಿದ್ದರೆ ಸಾಕು. ‘ಸೊಂಟದ ಕೆಳಗೆ ಮುಟ್ಟಂಗಿಲ್ಲ’ ಎಂದರೆ ಅರ್ಥವಾಗದವರು ಈ ಭಾಗದಲ್ಲಿ ಯಾರಿದ್ದಾರೆ? ಒಂದು ಸಲ ಎತ್ತಿ ಒಗೆದದ್ದನ್ನು ಕಣ್ಣಾರೆ ಕಂಡರೆ ಮುಂದಿನ ವರ್ಷ ಅವರೇ ಕೇಳುತ್ತಾರೆ. ಕುಸ್ತಿಯ ರುಚಿ ಗೊತ್ತಿದ್ದವರಿಗೆ ಹೊಸ ಪಟ್ಟು ಹಿಡಿಸಲು ತಡವಾಗದು.

ಗರಡಿಯ ವಸ್ತಾದರೂ ಇದಕ್ಕೆ ಕಣ್ಣು ಕೊಡಬೇಕು. ಕಾಲು ಚುರುಕಿಲ್ಲ, ಆದರೆ ತೋಳು ಕೊರಳು ಗಟ್ಟಿ ಎಂಬ ಹುಡುಗ ಪ್ರತಿ ಗರಡಿಯಲ್ಲೂ ಒಬ್ಬನಿರುತ್ತಾನೆ. ಏಕೇರಿ ಬರುವುದಿಲ್ಲವೆಂದು ಅವನನ್ನು ಮೂಲೆಗೆ ತಳ್ಳುವ ಬದಲು ಬೇರೊಂದು ಕುಸ್ತಿ ಇದೆ ಎಂದು ತೋರಿಸಬಹುದು. ಹಾಗೆಯೇ ಮೈ ಸಣ್ಣದೆಂದು ಬಿಸಿಲು ಹೊತ್ತಿನಲ್ಲೇ ಕುಸ್ತಿ ಮುಗಿಸಿ ಮನೆಗೆ ಹೋಗುವ ಹುಡುಗನಿಗೆ ತಕ್ಕಡಿಯ ಕುಸ್ತಿಯೊಂದಿದೆ ಎಂದು ಹೇಳಬಹುದು. ದೆಹಲಿಯಲ್ಲಿ 7–1ರಿಂದ ಮುಂದಿದ್ದು 7–8ರಿಂದ ಸೋತು, ಅದೇ ದಿನ ಮತ್ತೆ ಕಣಕ್ಕಿಳಿದು ಕಂಚು ಗೆದ್ದ ಕತೆಯನ್ನು ಅವನಿಗೆ ಹೇಳಬೇಕಾದವರು ನಾವೇ ತಾನೆ?

ಬರುವ ಸುಗ್ಗಿಯ ನಂತರ ಮತ್ತೆ ಗೋಡೆಗಳ ಮೇಲೆ ಭಿತ್ತಿಪತ್ರ ಏಳುತ್ತವೆ. ಹಲಗೆ ಬಡಿಯುತ್ತದೆ. ಮೊದಲ ಜೋಡಿಯಲ್ಲಿ ತೆಂಗಿನಕಾಯಿಗಾಗಿ ತೊಡೆ ತಟ್ಟುವ ಸಣ್ಣ ಮೈಯ ಹುಡುಗರನ್ನು ಜನ ಈ ಸಲ ಇನ್ನೊಂದಿಷ್ಟು ಹೊತ್ತು ನಿಂತು ನೋಡಲಿ.